ಮದ್ದಿಲ್ಲದ ತೋಟೆ

ಹೆಲ್ವಿಯ ಗಂಡ ಯಲ್ಮಾರಿ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ಆಯುಷ್ಯ ಸವೆಸಿದವನು. ನಿವೃತ್ತನಾಗಿ ಮನೆಗೆ ಬರುವಾಗ ಅವನ ಕಿವಿಯನ್ನೂ ಬೆರಳ ತುದಿಗಳ ಸ್ಪರ್ಶವನ್ನೂ ಗಣಿ ತನ್ನಲ್ಲೇ ಇಟ್ಟುಕೊಂಡಿತ್ತು. ಕಿವಿಗೆ ಯಂತ್ರ ಕೊಟ್ಟಿದ್ದರು. ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಕೇಳುತ್ತಿತ್ತು. ಆದರೆ ಬೇಟೆಗೆ ಹೋದಾಗ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೋವಿಯ ಹಿಡಿಗೆ ಕೆನ್ನೆ ಒತ್ತಿದ ಕೂಡಲೇ ಅದು ಕೆಟಲಿನ ಹಾಗೆ ಸಿಳ್ಳೆ ಹಾಕುತ್ತದೆಂದು ಅವನ ದೂರು.

ಬೆರಳುಗಳಿಗೆ ಮಾತ್ರ ಯಾವ ಯಂತ್ರವೂ ಇರಲಿಲ್ಲ. ಹಾಗಾಗಿ ತೋಟೆ ತುಂಬುವ ಕೆಲಸ ಹೆಲ್ವಿಯ ಕೈಗೆ ಬಂತು. ಉತ್ತರದ ಹಿಮದ ಸೀಮೆಯ ನಮ್ಮ ಕುಹ್ಮೊ ಊರಿನ ಕಡೆ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವವರು ಬೇಕಾದಷ್ಟು ಮಂದಿ. ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಯನ್ನು ಹೆಕ್ಕಿ ತಂದು ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಒಳಗೆ ಮದ್ದು ಸುರಿದು, ಬಾಯಿಗೆ ಗುಂಡು ಕೂರಿಸಿದರೆ ಆಯಿತು. ಆ ಕೇಪು ಮಸೂರದ ಕಾಳಿಗಿಂತ ಚಿಕ್ಕದು. ಯಲ್ಮಾರಿ ಎತ್ತಿದ್ದು ಹತ್ತಾದರೆ ನೆಲಕ್ಕೆ ಬಿದ್ದದ್ದು ಒಂಬತ್ತು. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಗಂಜಿ ಬೇಯಿಸಿದ್ದ ಹೆಲ್ವಿಗೆ ಅಳತೆಯ ಕೆಲಸ ಹೊಸದಲ್ಲ. "ಏಳು ಅತ್ಲಾಗೆ, ನಾನು ಮಾಡ್ತೀನಿ" ಎಂದು ಒಂದು ದಿನ ಅವನನ್ನು ಎಬ್ಬಿಸಿ ಕೂತವಳು ಮತ್ತೆ ಆ ಕುರ್ಚಿ ಬಿಟ್ಟುಕೊಡಲಿಲ್ಲ.

ಅವನಿಗೆ ಬೇಕಿದ್ದದ್ದು ಮೆತ್ತನೆಯ ತೋಟೆ. ಭಾರದ ಗುಂಡು, ಚಿಟಿಕೆ ಮದ್ದು. ಗುಂಡು ಶಬ್ದಕ್ಕಿಂತ ನಿಧಾನವಾಗಿ ಹೋಗಬೇಕು. ಆಗ ಅದು ಗಾಳಿ ಸೀಳಿಕೊಂಡು ಚಾಟಿ ಬೀಸಿದ ಹಾಗೆ ಸಿಡಿಯುವುದಿಲ್ಲ. ಉಳಿದ ಸದ್ದನ್ನು ನಳಿಗೆಯ ತುದಿಗೆ ಸಿಕ್ಕಿಸಿದ ದಪ್ಪ ಸೈಲೆನ್ಸರ್ ನುಂಗಿಬಿಡುತ್ತದೆ. ಬರ್ಚ್ ಮರದ ತುದಿಯಲ್ಲಿ ಕೂತ ಕರಿ ಕಾಡುಕೋಳಿಗಳ ಹಿಂಡಿನಲ್ಲಿ ಒಂದು ಬಿದ್ದರೂ ಉಳಿದವು ಕತ್ತು ಕೊಂಕಿಸಿ ಕೆಳಗೆ ನೋಡಿ, ಮತ್ತೆ ಮೊಗ್ಗು ಕುಕ್ಕುತ್ತ ಕೂರುತ್ತವೆ. ಕಿವುಡನಾದ ಮೇಲೆ ಯಲ್ಮಾರಿಗೆ ಇಂಥ ಸದ್ದಿಲ್ಲದ ಬೇಟೆಯೇ ಹಿಡಿಸಿತ್ತು.

ಅಕ್ಟೋಬರ್ ಕೊನೆಯ ಒಂದು ಮಧ್ಯಾಹ್ನ ಹೆಲ್ವಿ ಕಿಟಕಿಯ ಪಕ್ಕದ ಮೇಜಿನಲ್ಲಿ ಆ ಕೆಲಸಕ್ಕೆ ಕೂತಿದ್ದಳು. ಅವಳ ಪದ್ಧತಿ ಸರಳ. ಪುಟ್ಟ ತಕ್ಕಡಿಯ ತಟ್ಟೆಯಲ್ಲಿ ಮದ್ದು ತೂಗುವುದು, ಆಲಿಕೆಯಿಂದ ಕೊಳವೆಗೆ ಸುರಿಯುವುದು, ಕೂಡಲೇ ಅದರ ಬಾಯಿಗೆ ಗುಂಡು ಒತ್ತಿಬಿಡುವುದು. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ಒಂದೇ ಕೊಳವೆಗೆ ಎರಡು ಸಲ ಮದ್ದು ಬೀಳಬಾರದೆಂಬುದೇ ಅವಳ ದೊಡ್ಡ ಭಯವಾಗಿತ್ತು. ಒಂದು ಸಲವೂ ಬೀಳದೆ ಹೋಗುವುದು ಅವಳ ಯೋಚನೆಗೇ ಬಂದಿರಲಿಲ್ಲ.

ತಟ್ಟೆಯಲ್ಲಿ ಮದ್ದು ತೂಗಿ ಎತ್ತಿದ್ದಳಷ್ಟೆ. ಬಾಗಿಲು ದಢಾರನೆ ತೆರೆದು ಪಕ್ಕದ ಮನೆಯ ವಿಯೆನೊ ಒಳಗೆ ಬಂದಳು. ಅವಳಿಗಿಂತ ಮುಂದೆ ಅವಳ ನಾಯಿಮರಿ ನುಗ್ಗಿತು.

"ಕಾಫಿ ಇದ್ಯೇನೇ? ನಮ್ಮನೇಲಿ ಆ ಮುದುಕ ಡಬ್ಬಿ ಖಾಲಿ ಮಾಡಿಟ್ಟಿದ್ದಾನೆ."

"ನಾಯಿ ಹಿಡ್ಕೊಳ್ಳೇ ಮೊದ್ಲು! ಇಲ್ಲಿ ಮದ್ದಿದೆ!"

"ಅದ್ರ ಬಾಲಕ್ಕೆ ಬೆಂಕಿ ಏನೂ ಹತ್ತಿಲ್ಲ, ಸುಮ್ನಿರು."

ನಾಯಿ ಮೇಜಿನ ಕಾಲಿಗೆ ಢಿಕ್ಕಿ ಹೊಡೆಯಿತು. ಹೆಲ್ವಿ ಕೈಯಲ್ಲಿದ್ದ ತಟ್ಟೆಯನ್ನು ಪರದೆಯ ಹಿಂದೆ ಕಿಟಕಿಯ ಕಟ್ಟೆಯ ಮೇಲಿಟ್ಟು, ನಾಯಿಯನ್ನು ಕತ್ತು ಹಿಡಿದು ಹೊರಗೆ ಬಿಟ್ಟು, ಕಾಫಿಗೆ ನೀರಿಟ್ಟಳು. ಇಬ್ಬರೂ ಏಲಕ್ಕಿ ಬನ್ನು ತಿಂದರು. ವಿಯೆನೊಳ ಸೊಸೆಯ ವಿಷಯ ಬಂತು. ಆ ವಿಷಯ ಬಂದರೆ ಬೇಗ ಮುಗಿಯುವಂಥದ್ದಲ್ಲ. ಯಲ್ಮಾರಿಯೂ ಬಂದು ಕೂತ.

"ಏನ್ ಯಲ್ಮಾರಿ, ನಾಳೆ ಹಕ್ಕಿ ಹೊಡೀತೀಯೋ, ಹೋದ ಸಲದ ಹಾಗೆ ಬೊಂಬೆ ಹಕ್ಕೀನೇ ಹೊಡೀತೀಯೋ?" ಎಂದು ವಿಯೆನೊ ಗಟ್ಟಿಯಾಗಿ ಕೇಳಿದಳು. ಹಿಂಡನ್ನು ಕರೆಯಲು ಮರದ ತುದಿಗೆ ಕೋಲಿನಲ್ಲಿ ಏರಿಸುವ ಬಟ್ಟೆಯ ಹಕ್ಕಿಗೆ ಹೋದ ವರ್ಷ ಯಲ್ಮಾರಿ ಗುಂಡು ಹೊಡೆದಿದ್ದು ಊರಿಗೆಲ್ಲ ಗೊತ್ತಿತ್ತು.

"ಬೊಂಬೇನಾದ್ರೂ ಬಿತ್ತಲ್ಲ! ನಿನ್ನ ಗಂಡ ಹೊಡೆದ್ರೆ ಎಲೇನೂ ಉದುರಲ್ಲ."

ವಿಯೆನೊ ಹೋದ ಮೇಲೆ ಹೆಲ್ವಿ ಮೇಜಿಗೆ ಮರಳಿದಳು. ಆಲಿಕೆಯ ಕೆಳಗೆ ಒಂದು ಕೊಳವೆ ನಿಂತೇ ಇತ್ತು. ಸುರಿದಾಗಿದೆ ಎಂದುಕೊಂಡು ಅದಕ್ಕೆ ಗುಂಡು ಒತ್ತಿದಳು. ತಟ್ಟೆ ಕಾಣಲಿಲ್ಲ, ಡ್ರಾಯರಿನಲ್ಲಿದ್ದ ಇನ್ನೊಂದನ್ನು ತಕ್ಕಡಿಗೆ ಇಟ್ಟು ಉಳಿದದ್ದನ್ನೂ ಮುಗಿಸಿದಳು. ತೋಟೆಗಳನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಡಿಸಿ ಗಂಡನ ಚೀಲದ ಪಕ್ಕ ಇಟ್ಟಳು.

ಮರುದಿನ ಬೆಳಕು ಹರಿಯುವ ಮುಂಚೆಯೇ ಯಲ್ಮಾರಿ ಕಾರು ತೆಗೆದುಕೊಂಡು ಹೊರಟುಹೋಗಿದ್ದ. ಹೆಲ್ವಿ ಎದ್ದು ಒಲೆ ಹಚ್ಚಿ, ರೈ ರೊಟ್ಟಿಗೆ ಬೆಣ್ಣೆ ಸವರಿಕೊಂಡು, ಹೊರಗೆ ಹಿಮ ಬಿದ್ದಿದೆಯೇ ನೋಡೋಣವೆಂದು ಕಿಟಕಿಯ ಪರದೆ ಸರಿಸಿದಳು.

ಕಟ್ಟೆಯ ಮೇಲೆ ತಟ್ಟೆ ಇತ್ತು. ತಟ್ಟೆಯಲ್ಲಿ ಮದ್ದು ಇತ್ತು.

ಅವಳು ರೊಟ್ಟಿ ಜಗಿಯುತ್ತಲೇ ಅದನ್ನು ನೋಡಿದಳು. ಇದೇಕೆ ಇಲ್ಲಿದೆ ಎಂದಷ್ಟೇ ಅನಿಸಿತು. ಆಮೇಲೆ ನಾಯಿ ನೆನಪಾಯಿತು, ಪರದೆ ನೆನಪಾಯಿತು, ಆಲಿಕೆಯ ಕೆಳಗೆ ನಿಂತಿದ್ದ ಕೊಳವೆ ನೆನಪಾಯಿತು. ಬಾಯೊಳಗಿನ ತುತ್ತು ಅಲ್ಲೇ ನಿಂತಿತು.

ಮದ್ದಿಲ್ಲದ ತೋಟೆ ಹೊಡೆದರೆ ಏನಾಗುತ್ತದೆಂದು ನಮ್ಮ ಕಡೆ ತೋಟೆ ತುಂಬುವವರಿಗೆಲ್ಲ ಗೊತ್ತು. ಬುಡದ ಕೇಪು ಒಂದೇ ಸಿಡಿಯುತ್ತದೆ. ಅದರ ಬಲ ಗುಂಡನ್ನು ಕೊಳವೆಯಿಂದ ಕಿತ್ತು ನಳಿಗೆಯೊಳಕ್ಕೆ ನೂಕುತ್ತದೆ, ಹೊರಕ್ಕೆ ದಾಟಿಸುವುದಿಲ್ಲ. ಗುಂಡು ನಡುವೆಯೇ ಬಿರಡೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಯವರೆಗೆ ಯಾರಿಗೂ ಏನೂ ಆಗುವುದಿಲ್ಲ. ಗೊತ್ತಿಲ್ಲದೆ ಅದರ ಹಿಂದೆ ಇನ್ನೊಂದು ತೋಟೆ ಹೊಡೆದಾಗ ಹೋಗಲು ದಾರಿಯಿಲ್ಲದ ಬೆಂಕಿ ಉಕ್ಕನ್ನು ಸೀಳಿಕೊಂಡು ಹೊರಬರುತ್ತದೆ. ಹೊಡೆಯುವವನ ಕೆನ್ನೆ ಇರುವುದು ಅಲ್ಲೇ ಗೇಣು ದೂರದಲ್ಲಿ. ಆಚೆ ಊರಿನ ಓಸ್ಮೊನ ಕೋವಿ ಹಾಗೆ ಒಡೆದಿತ್ತು. ಈಗ ಅವನು ಕಾಫಿ ಲೋಟ ಎಡಗೈಯಲ್ಲಿ ಹಿಡಿಯುತ್ತಾನೆ, ಮಾತಾಡುವಾಗ ಅವನ ಒಂದು ಕಣ್ಣು ನಮ್ಮನ್ನು ನೋಡುತ್ತದೆ, ಗಾಜಿನದು ಗೋಡೆಯನ್ನು.

ಬೇರೆಯವರಾದರೆ ಸದ್ದಿನಿಂದಲೇ ಅನುಮಾನಪಟ್ಟಾರು. ದೊಡ್ಡ ತೋಟೆಯಲ್ಲಿ ಈ ವ್ಯತ್ಯಾಸ ಸತ್ತವನಿಗೂ ತಿಳಿಯುತ್ತದೆ. ಆದರೆ ಇದು ಹೇಗಿದ್ದರೂ ಪಿಸುಗುಟ್ಟುವ ತೋಟೆ, ಮೇಲೆ ಸೈಲೆನ್ಸರ್ ಬೇರೆ, ಅದರ ಹಿಂದೆ ಕಿವುಡ.

ಹೆಲ್ವಿ ಫೋನ್ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಬೇಟೆಯ ಗುಡಿಸಲಿಗೆ ಹೋದ ಕೂಡಲೇ ಅವನು ಮೇಲಂಗಿಯನ್ನು ಫೋನಿನ ಸಮೇತ ಹಿಂದಿನ ಮೊಳೆಗೆ ನೇತುಹಾಕುತ್ತಾನೆ. ಮತ್ತೆ ಮಾಡಿದಳು. ಆಮೇಲೆ ವಿಯೆನೊಗೆ ಮಾಡಿದಳು.

"ವಿಯೆನೊ, ಕಾರು ತೆಗಿ. ಕಾಡಿನ ರಸ್ತೇಲಿ ಯಲ್ಮಾರಿ ಗುಡಿಸಲಿಗೆ ಹೋಗು. ಅವನು ಕೋವಿ ಮುಟ್ಟಬಾರ್ದು. ಒಂದು ತೋಟೇಲಿ ಮದ್ದಿಲ್ಲ."

"ಏನಂದೆ? ಮದ್ದಿಲ್ದಿದ್ರೆ ಒಳ್ಳೇದೇ ಅಲ್ವೇನೇ, ಸಿಡಿಯಲ್ಲ…"

"ವಿಯೆನೊ! ಓಸ್ಮೊನ ಕಣ್ಣು!"

"ಅಯ್ಯೋ ದೇವ್ರೇ. ಹೊರಟೆ. ಆದ್ರೆ ಸುತ್ತು ರಸ್ತೆ ಕಣೇ, ಗೇಟಿಂದ ಆಚೆ ನಡೀಬೇಕು, ನನ್ ಮಂಡಿ…"

"ನಾನು ಜೌಗು ದಾಟಿ ಹೋಗ್ತೀನಿ."

"ಈ ಕಾಲದಲ್ಲಾ? ಮುಳುಗಿ ಸಾಯ್ತೀಯ!"

ಹೆಲ್ವಿ ಫೋನನ್ನು ಮೇಜಿನ ಮೇಲೇ ಬಿಟ್ಟು ರಬ್ಬರ್ ಬೂಟಿಗೆ ಕಾಲು ತೂರಿಸಿದಳು.

ಅವರ ಮನೆಯ ಹಿಂದೆ ಇಳಿಜಾರು ಮುಗಿದಲ್ಲಿಂದ ಜೌಗು ಶುರು. ಆಚೆ ದಡದ ಫರ್ ಮರಗಳ ಅಂಚಿನಲ್ಲಿ ಯಲ್ಮಾರಿಯ ಗುಡಿಸಲು. ನಡುವೆ ಯಾವ ಕಾಲದಲ್ಲೋ ಹಾಸಿದ ಹಲಗೆ ದಾರಿ. ಬೇಸಗೆಯಲ್ಲಿ ಹೆಂಗಸರು ಜೌಗಿನಲ್ಲಿ ಬೆಳೆಯುವ ಹಳದಿ ಮೋಡಹಣ್ಣು ಕೀಳಲು ಅದರ ಮೇಲೆ ಹೋಗುತ್ತಿದ್ದರು. ಈಗ ಹಲಗೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಾಜಾಗಿತ್ತು. ಅಕ್ಕಪಕ್ಕದ ನೀರಿನ ಮೇಲೆ ತೆಳುವಾದ ಮಂಜುಗಡ್ಡೆ, ಇಲಿಯನ್ನೂ ಹೊರಲಾರದಷ್ಟು ತೆಳು.

ಮೊದಲ ಹಲಗೆಗಳಲ್ಲಿ ಅವಳು ಓಡಿದಳು. ಜಾರಿ ಬಿದ್ದು ಮೊಣಕೈ ಒಡೆದುಕೊಂಡ ಮೇಲೆ ಓಡಲಾಗಲಿಲ್ಲ. ಬಾತುಕೋಳಿಯ ಹಾಗೆ ಪಾದ ಅಗಲಿಸಿ, ಕೈ ಚಾಚಿ ನಡೆದಳು. ನಡೆಯುತ್ತ ಕಿವಿಗೊಟ್ಟಳು.

ಏನನ್ನು ಕೇಳಲು ಕಿವಿಗೊಡುತ್ತಿದ್ದೇನೆ ಎಂಬುದು ಅವಳಿಗೆ ಆಗ ಅರ್ಥವಾಯಿತು. ಸದ್ದಿನ ತೋಟೆಯಾಗಿದ್ದರೆ ಅವನು ಹೊಡೆದದ್ದು ಇಲ್ಲಿಗೆ ಕೇಳುತ್ತಿತ್ತು. ಒಂದು ಹೊಡೆದ, ಗಟ್ಟಿಯಾಗಿ ಕೇಳಿತು, ಸದ್ಯ ನಳಿಗೆ ಸರಿಯಿದೆ ಎಂದು ತಿಳಿಯುತ್ತಿತ್ತು. ಈಗ ಅವನು ಹೊಡೆದಿದ್ದಾನೋ ಇಲ್ಲವೋ, ಎಷ್ಟು ಹೊಡೆದಿದ್ದಾನೋ, ಯಾವುದೂ ತಿಳಿಯದು. ಅವಳೇ ತೂಗಿ ತೂಗಿ ಮಾಡಿದ ಮೌನ ಅದು. ಕೇಳಿಸುವುದೇ ಆದರೆ ಒಂದೇ ಸದ್ದು: ನಳಿಗೆ ಒಡೆದದ್ದು. ಆ ಸದ್ದು ಬರಬಾರದೆಂದು ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಬಂದರೆ ಕೇಳದೆ ಹೋದೀತೆಂದು ಟೊಪ್ಪಿಗೆಯನ್ನು ಕಿವಿಯಿಂದ ಮೇಲಕ್ಕೆ ಸರಿಸಿದಳು.

ಎಲ್ಲೋ ಒಂದು ಕಾಗೆ ಕೂಗಿತು. ಅಷ್ಟಕ್ಕೇ ಅವಳು ಬೆಚ್ಚಿ ನಿಂತಳು.

"ಯಲ್ಮಾರೀ!" ಎಂದು ಕೂಗಿದಳು. ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದರೂ ಗಂಟಲು ಕೇಳಲಿಲ್ಲ. "ಯಲ್ಮಾರೀ, ಹೊಡೀಬೇಡ್ವೋ!" ಆ ಕೂಗು ಜೌಗಿನ ಮೇಲೆ ಹೋಗಿ, ಆಚೆಯ ಕಾಡಿಗೆ ತಾಗಿ, ತೆಳ್ಳಗಾಗಿ ಅವಳಿಗೇ ಮರಳಿ ಬಂತು. ಕೂಗುತ್ತ ಕೂಗುತ್ತ ತಣ್ಣನೆಯ ಗಾಳಿ ಗಂಟಲನ್ನು ಗರಗಸದ ಹಾಗೆ ಕೊಯ್ದು, ಕೊನೆಗೆ ಬರೀ ಉಸಿರು ಹೊರಟಿತು.

ಜೌಗಿನ ನಡುವೆ ಒಂದು ಹಲಗೆ ಕೊಳೆತಿತ್ತು. ಅವಳು ಕಾಲಿಟ್ಟ ಕೂಡಲೇ ಅದು ಬಿಸ್ಕತ್ತಿನ ಹಾಗೆ ಮುರಿಯಿತು. ಬಲಗಾಲು ತೊಡೆಯವರೆಗೆ ಕೆಸರಿಗೆ ಇಳಿಯಿತು. ಕೆಳಗೆ ನೆಲವೆಂಬುದಿಲ್ಲ. ಇನ್ನೊಂದು ಕಾಲು ಹಲಗೆಯ ಮೇಲಿದ್ದದ್ದರಿಂದ ಉಳಿದಳು. ಎಳೆದಷ್ಟೂ ಕೆಸರು ಬೂಟನ್ನು ಬಿಗಿಯಾಗಿ ಹಿಡಿದುಕೊಂಡಿತು. 'ನಾನು ಇಲ್ಲಿ ಸಿಕ್ಕಿಕೊಂಡರೆ ಅವನಿಗೆ ಹೇಳುವವರು ಯಾರು' ಎಂದು ಅವಳಿಗೆ ಅನಿಸಿತೇ ಹೊರತು, ತಾನು ಸಾಯುತ್ತೇನೆಂದು ಅನಿಸಲಿಲ್ಲ. ಹಲಗೆಯನ್ನು ತಬ್ಬಿ ಮಲಗಿ ಮೈ ತಿರುಚಿದಳು. ಬೂಟು ಕೆಸರಿಗೆ ಉಳಿಯಿತು. ಕಾಲು ಬಂತು. ಒದ್ದೆ ಉಣ್ಣೆಯ ಕಾಲುಚೀಲದಲ್ಲಿ ಎದ್ದು ನಿಂತಾಗ, ಮಂಜಿನ ಹಲಗೆಯ ಮೇಲೆ ಬೂಟಿಗಿಂತ ಅದೇ ಚೆನ್ನಾಗಿ ಹಿಡಿಯುತ್ತದೆಂದು ತಿಳಿಯಿತು. ಎಡಗಾಲಿನದನ್ನೂ ಕಿತ್ತೆಸೆದು ಓಡಿದಳು.

ದಡ ಹತ್ತಿ ಫರ್ ಮರಗಳ ನಡುವೆ ನುಗ್ಗಿದಾಗ ಗುಡಿಸಲು ಕಂಡಿತು. ಕೊಂಬೆ ಹೊದಿಸಿದ, ಒಬ್ಬನೇ ಕೂರುವಂಥ ಗೂಡು. ಮುಂಭಾಗದ ಸೀಳಿನಿಂದ ಸೈಲೆನ್ಸರಿನ ದಪ್ಪ ಮೂತಿ ಹೊರಗೆ ಚಾಚಿಕೊಂಡಿತ್ತು. ನಳಿಗೆ ನೆಟ್ಟಗಿತ್ತು.

ಬದುಕಿದ್ದಾನೆ.

ಆ ಸಮಾಧಾನ ಒಂದು ಉಸಿರಿನಷ್ಟು ಕಾಲವೂ ಉಳಿಯಲಿಲ್ಲ. ಮೂತಿ ನಿಧಾನವಾಗಿ ಬಲಕ್ಕೆ ಸರಿದು ಮೇಲಕ್ಕೆ ಎದ್ದಿತು. ಎದುರಿನ ಬರ್ಚ್ ಮರದಲ್ಲಿ ಬೊಂಬೆ ಹಕ್ಕಿಯ ಸುತ್ತ ಕಾಡುಕೋಳಿಗಳು ಕಪ್ಪು ಹಣ್ಣುಗಳ ಹಾಗೆ ತೂಗುತ್ತಿದ್ದವು. ಅವನು ಗುರಿ ಹಿಡಿಯುತ್ತಿದ್ದ.

ಅವಳು ಗುಡಿಸಲಿನ ಹಿಂಬಾಗಿಲಿಗೆ ಹಾರಿದಳು. ಅವನ ಬೆನ್ನು ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಕೆನ್ನೆ ಕೋವಿಗೆ ಒತ್ತಿತ್ತು, ಬೆರಳು ಟ್ರಿಗರಿನ ಮೇಲಿತ್ತು. ಹೆಗಲು ಹಿಡಿಯಲು ಕೈ ಚಾಚಿದವಳು ಅರ್ಧಕ್ಕೇ ನಿಂತಳು.

ಕಿವುಡನಾದ ಮೇಲೆ ಅವನಿಗೆ ಹಿಂದಿನಿಂದ ಯಾರು ಮುಟ್ಟಿದರೂ ಮೈಯೆಲ್ಲ ಎಗರುತ್ತಿತ್ತು. ಹೋದ ಚಳಿಗಾಲ ಅವಳು ಬೆನ್ನು ತಟ್ಟಿದ್ದಕ್ಕೆ ಬಿಸಿ ಸಾರಿನ ಬಟ್ಟಲನ್ನೇ ಗೋಡೆಗೆ ಎಸೆದಿದ್ದ. ಈಗ ಎಗರಿದರೆ ಬೆರಳು ಒತ್ತಿಯೇ ಒತ್ತುತ್ತದೆ. ಮುಟ್ಟಿದರೆ ತಾನೇ ಕೊಂದಂತೆ. ಮುಟ್ಟದಿದ್ದರೆ ನೋಡುತ್ತ ನಿಂತು ಕೊಂದಂತೆ. ಬಾಯಿ ತೆರೆದಳು, ಉಸಿರು ಬಿಟ್ಟು ಏನೂ ಹೊರಡಲಿಲ್ಲ. ಹೊರಟಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

ಹಕ್ಕಿಗಳು ಕಿವುಡಲ್ಲ ಎಂಬುದು ಆಗ ಹೊಳೆಯಿತು. ಹೊಡೆಯಲು ಹಕ್ಕಿಯೇ ಇಲ್ಲದಿದ್ದರೆ ಅವನೇಕೆ ಹೊಡೆದಾನು?

ಅವಳು ಗುಡಿಸಲು ಬಳಸಿ ಮುಂದಕ್ಕೆ, ಕೋವಿಯ ಮೂತಿಯ ಎದುರಿನ ಬಯಲಿಗೆ ಓಡಿದಳು. ಒಣ ರೆಂಬೆಗಳು ಅವಳ ಕಾಲಡಿಯಲ್ಲಿ ಚಟಪಟ ಮುರಿದವು. ಹಿಂಡು ಒಮ್ಮೆಗೇ ಭರ್ರೆಂದು ಎದ್ದು ಜೌಗಿನ ಮೇಲೆ ಹರಡಿತು. ಆದರೆ ಬೊಂಬೆಯ ಪಕ್ಕದಲ್ಲಿದ್ದ ಒಂದು ಹುಂಜ ಮಾತ್ರ, ಬೊಂಬೆ ಹಾರದಿದ್ದುದಕ್ಕೋ ಏನೋ, ಕತ್ತು ನೀಳ ಮಾಡಿ ಅಲ್ಲೇ ಕೂತಿತು. ಅವಳು ತಿರುಗಿ ನೋಡಿದಳು. ಸೀಳಿನಲ್ಲಿ ಮೂತಿ ಅಲುಗದೆ ನಿಂತಿತ್ತು. ಕೋವಿಯ ಮೇಲೆ ಕೂರಿಸಿದ ದುರ್ಬೀನಿನೊಳಗಿನಿಂದ ಅವನಿಗೆ ಆ ಒಂದು ಹಕ್ಕಿ ಬಿಟ್ಟು ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ, ಹೆಂಡತಿಯೂ ಕಾಣುತ್ತಿರಲಿಲ್ಲ.

ಹೆಲ್ವಿ ಬರ್ಚ್ ಮರದ ಬುಡಕ್ಕೆ ಹೋಗಿ ಬಿದ್ದು, ಅದನ್ನು ಎರಡೂ ಕೈಯಿಂದ ತಬ್ಬಿ ಮೈಭಾರವನ್ನೆಲ್ಲ ಹಾಕಿ ಅಲುಗಿಸಿದಳು. ತೆಳ್ಳನೆಯ ಮರ. ತುದಿ ತೂಗಾಡಿತು. ಇಬ್ಬನಿಯ ಚೂರುಗಳು ಅವಳ ಮುಖದ ಮೇಲೆ ಉದುರಿದವು. ಕಣ್ಣು ಮುಚ್ಚಿ ಮತ್ತೆ ಅಲುಗಿಸಿದಳು. ಈಗ ಬರುತ್ತದೆ ಆ ಸದ್ದು, ಈಗ ಬರುತ್ತದೆ ಎಂದು ಬೆನ್ನೆಲ್ಲ ಕಿವಿಯಾಗಿತ್ತು. ಮೇಲೆ ರೆಕ್ಕೆ ಬಡಿದ ಸದ್ದು ಕೇಳಿತು. ಹುಂಜ ಹೋಯಿತು.

ಆಮೇಲೆ ಏನೂ ಕೇಳಲಿಲ್ಲ. ಮೆಲ್ಲಗೆ ತಿರುಗಿದಳು. ಕೋವಿಯ ಮೂತಿ ಸೀಳಿನೊಳಕ್ಕೆ ಹಿಂದೆ ಸರಿಯುತ್ತಿತ್ತು.

ಯಲ್ಮಾರಿ ಗುಡಿಸಲಿನಿಂದ ಹೊರಗೆ ಬಂದ. ಮುಖ ಕೆಂಪಾಗಿತ್ತು. ಕೆಸರು ಮೆತ್ತಿಕೊಂಡು, ಕಾಲಲ್ಲಿ ಬೂಟಿಲ್ಲದೆ, ಮರ ತಬ್ಬಿ ನಿಂತ ಹೆಂಡತಿಯನ್ನು ನೋಡಿದ.

"ತಲೆ ಕೆಟ್ಟಿದ್ಯೇನೇ ನಿಂಗೆ? ಗುರಿ ಮುಂದೆ ಬಂದು ನಿಲ್ತಾರೇನೇ? ಹೊಡೆದೇಬಿಡ್ತಿದ್ನಲ್ಲೇ!"

ಅವಳು ಬಾಯಿ ಆಡಿಸಿದಳು. ಸದ್ದಿಲ್ಲ. ಕೋವಿ ಕೆಳಗಿಡು ಎಂದು ಕೈಯಲ್ಲಿ ತೋರಿಸಿದಳು. ಅವನು ಇಡದೆ ನಿಂತಾಗ ತಾನೇ ಹೋಗಿ ಅವನ ಅಂಗಿಯ ಜೇಬಿನಿಂದ ಕಿವಿಯ ಯಂತ್ರ ತೆಗೆದು, ಅವನ ಕಿವಿಗೆ ತುರುಕಿದಳು. ಯಂತ್ರ ಸಿಳ್ಳೆ ಹಾಕಿ ಸುಮ್ಮನಾಯಿತು.

"ಮದ್ದು," ಎಂದಳು ಉಸಿರಿನಲ್ಲಿ. "ಒಂದಕ್ಕೆ ಮದ್ದು ಹಾಕಿಲ್ಲ. ಎಷ್ಟು ಹೊಡೆದೆ?"

"ಒಂದೇ. ಈಗ್ತಾನೆ. ತಪ್ಪಿಹೋಯ್ತು. ಹಕ್ಕಿ ಅಲುಗ್ಲೂ ಇಲ್ಲ. ಏನ್ ಮೆತ್ತಗೆ ತುಂಬಿದ್ದಾಳಪ್ಪ ನನ್ ಹೆಂಡ್ತಿ, ಭುಜಕ್ಕೂ ಗೊತ್ತಾಗ್ಲಿಲ್ಲ ಅಂದ್ಕೊಂಡೆ."

ಅವನು ಕೋವಿಯ ಚಿಲಕ ಹಿಂದಕ್ಕೆಳೆದು ಒಳಗಿದ್ದ ತೋಟೆಯನ್ನು ಹೊರಗೆ ಬೀಳಿಸಿದ. ಅದು ಹೆಲ್ವಿ ತುಂಬಿದ ಮೆತ್ತನೆಯ ತೋಟೆಯಲ್ಲ, ಅಂಗಡಿಯದು, ಪೂರ್ತಿ ಮದ್ದಿನದು.

"ದೂರ ಇದೆ, ಮೆತ್ತಗಿನದು ಮುಟ್ಟಲ್ಲ ಅನ್ಸ್ತು. ಅದಕ್ಕೆ ಇದನ್ನ ಹಾಕ್ದೆ," ಎಂದ.

ಚಿಲಕ ಪೂರ್ತಿ ಕಳಚಿ, ಸೈಲೆನ್ಸರ್ ತಿರುಚಿ ತೆಗೆದು, ನಳಿಗೆಯನ್ನು ಬೆಳಗಿನ ಆಕಾಶಕ್ಕೆ ಹಿಡಿದು ಹಿಂದಿನಿಂದ ಕಣ್ಣಿಟ್ಟ. ಸರಿಯಿದ್ದ ನಳಿಗೆಯಲ್ಲಿ ಆಚೆ ತುದಿ ನಾಣ್ಯದಷ್ಟು ಹೊಳೆಯುತ್ತದೆ. ಅವನು ಬಹಳ ಹೊತ್ತು ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ಅವಳಿಗೆ ಕೊಟ್ಟ. ಒಳಗೆ ಕತ್ತಲೆಯಿತ್ತು.

ಯಲ್ಮಾರಿ ಮೊದಲು ನಕ್ಕ. "ಎಡಗೈಯಲ್ಲಿ ಕಾಫಿ ಕುಡಿಯೋದು ಕಲೀಬೇಕಿತ್ತು," ಎಂದ. ಇನ್ನೇನೋ ಹೇಳಲು ಹೋದವನು ಪಾಚಿಯ ಮೇಲೆ ಧೊಪ್ಪನೆ ಕೂತುಬಿಟ್ಟ, ಮತ್ತೆ ಏಳಲು ಆಗಲಿಲ್ಲ. ಹೆಲ್ವಿ ಒಂದು ಮರದ ಬುಡಕ್ಕೆ ಹೋಗಿ ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡಳು. ಆಮೇಲೆ ಬಂದು ಅವನ ಪಕ್ಕದಲ್ಲಿ ಕೂತಳು. ಅವನು ತನ್ನ ಉಣ್ಣೆಯ ಕೈಗವಸುಗಳನ್ನು ಕಿತ್ತು ಅವಳ ಪಾದಗಳಿಗೆ ತೊಡಿಸಿದ. ಹೆಬ್ಬೆರಳಿನ ಜಾಗ ಪಕ್ಕಕ್ಕೆ ಚಾಚಿಕೊಂಡು ಪಾದ ಕೋಡಂಗಿಯ ಕಾಲಿನ ಹಾಗೆ ಕಂಡಿತು. ಇಬ್ಬರಿಗೂ ನಗು ಬರಲಿಲ್ಲ.

ವಿಯೆನೊ ಕೋಲೂರಿಕೊಂಡು ಮರಗಳ ನಡುವಿನಿಂದ ಬಂದದ್ದು ಆಗಲೇ. ಇಬ್ಬರೂ ನೆಲದ ಮೇಲೆ ಕೂತದ್ದನ್ನು ನೋಡಿ ಅಲ್ಲಿಂದಲೇ ಕಿರುಚಿದಳು. "ಯಾರು ಸತ್ರೇ?"

"ಯಾರೂ ಸತ್ತಿಲ್ಲ, ಬಾ," ಎಂದ ಯಲ್ಮಾರಿ.

"ಸತ್ತಿಲ್ಲ ಅಂದ್ರೆ ಎದ್ದು ನಿಲ್ಲಬಾರ್ದೇನೋ ಮುಂಡೇಗಂಡ! ನನ್ ಜೀವಾನೇ ಹೋಗಿತ್ತು!" ಎಂದವಳು, ಹತ್ತಿರ ಬಂದು ಹೆಲ್ವಿಯ ಮುಖ ನೋಡಿದ ಮೇಲೆ ತಾನೇ ಅಳಲು ಶುರುಮಾಡಿದಳು. ನಡೆದದ್ದು ತಿಳಿದ ಮೇಲೆ, ನಾಯಿಯನ್ನು ನಿನ್ನೆ ಒಳಗೆ ಬಿಟ್ಟದ್ದು ತನ್ನದೇ ತಪ್ಪೆಂದು ಮನೆಗೆ ಮರಳುವ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಕೋವಿ ರಿಪೇರಿಯವನು ನಳಿಗೆಗೆ ಎಣ್ಣೆ ಬಿಟ್ಟು, ಹಿತ್ತಾಳೆಯ ಸರಳು ಇಟ್ಟು ಬಡಿದು ಗುಂಡನ್ನು ಹೊರಗೆ ತೆಗೆದ. ನಳಿಗೆಗೆ ಏನೂ ಆಗಿರಲಿಲ್ಲ. ಆ ಡಬ್ಬಿಯ ಉಳಿದ ತೋಟೆಗಳನ್ನೆಲ್ಲ ಅವನೇ ಬಿಚ್ಚಿ ಹಾಕಿದ. ಪ್ರತಿಯೊಂದರಲ್ಲೂ ಮದ್ದು ಸರಿಯಾಗಿತ್ತು. ಯಲ್ಮಾರಿ ಅದನ್ನು ಹೆಂಡತಿಗೆ ಸಮಾಧಾನವೆಂದು ಹೇಳಿದ. ಅವಳಿಗೆ ಸಮಾಧಾನವಾಗಲಿಲ್ಲ. ಅಷ್ಟು ತೋಟೆಗಳಲ್ಲಿ ಅವನ ಕೈ ಮೊದಲು ಹೋದದ್ದು ಆ ಒಂದಕ್ಕೇ ಎಂಬುದು ಅವಳನ್ನು ಇನ್ನಷ್ಟು ಹೆದರಿಸಿತು.

ಆ ಚಳಿಗಾಲ ಅವಳು ಕಿಟಕಿಯ ಬಳಿಯ ಮೇಜಿಗೆ ಹೋಗಲಿಲ್ಲ. ತಕ್ಕಡಿಯ ಮೇಲೆ ಬಟ್ಟೆ ಮುಚ್ಚಿದಳು. ಹಬೆಸ್ನಾನದ ಕೋಣೆ ಸೌನಾದಲ್ಲಿ ಕಾದ ಕಲ್ಲು ಪಟ್ಟೆಂದು ಒಡೆದರೆ ನೀರಿನ ಸೌಟು ಕೈಯಿಂದ ಬೀಳುತ್ತಿತ್ತು. ಯಲ್ಮಾರಿ ಅಂಗಡಿಯ ತೋಟೆಯನ್ನೇ ತೆಗೆದುಕೊಂಡು ಹೋಗುತ್ತಿದ್ದ. ಒಂದು ಹೊಡೆದರೆ ಕಾಡಿನ ಹಕ್ಕಿಯೆಲ್ಲ ಎದ್ದು ಹೋಗುತ್ತಿತ್ತು. ಖಾಲಿ ಕೈಯಲ್ಲಿ ಬಂದು, "ಇವತ್ತು ಗಾಳಿ ಜಾಸ್ತಿ," ಎನ್ನುತ್ತಿದ್ದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಾಗ ಆಚೆಯಿಂದ ಟಿಣ್ ಎಂದು ಏನೋ ನೆಲಕ್ಕೆ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಹೋಗಿ ನೋಡಿದರೆ ಯಲ್ಮಾರಿ ಮೇಜಿನ ಮುಂದೆ ಕೂತು ಕೇಪುಗಳನ್ನು ಎತ್ತಲು ಹೆಣಗುತ್ತಿದ್ದ. ಒಂದು ಎತ್ತಿದ, ಬೆರಳಿನಿಂದ ಜಾರಿತು. ಅದು ಜಾರಿದ್ದು ಅವನಿಗೆ ಗೊತ್ತಾಗಲಿಲ್ಲ. ಖಾಲಿ ಬೆರಳನ್ನೇ ಕೊಳವೆಯ ಬುಡಕ್ಕೆ ಒತ್ತುತ್ತಿದ್ದ.

ಹೆಲ್ವಿ ಬಾಗಿಲಲ್ಲೇ ನಿಂತಳು. ಹಿಂದಿನಿಂದ ಮುಟ್ಟದೆ, ಸುತ್ತು ಹಾಕಿ ಅವನ ಕಣ್ಣೆದುರಿಗೆ ಬಂದಳು.

"ಏಳು."

"ನಿಂಗೆ ಬೇಡ ಅಂದ್ರೆ ಬೇಡ ಕಣೇ. ನಾನೇ ಮಾಡ್ಕೋತೀನಿ."

"ನೀನು ಮಾಡಿದ್ರೆ ನಂಗೆ ಇನ್ನೂ ಭಯ. ಏಳು. ಬಾಗ್ಲು ಚಿಲಕ ಹಾಕ್ಬಾ. ಆ ವಿಯೆನೊ ಮನೆಗೆ ಬೆಂಕಿ ಬಿದ್ರೂ ತೆಗೀಬೇಡ. ಎದುರಿಗೆ ಕುರ್ಚಿ ಹಾಕ್ಕೊಂಡು ಟಾರ್ಚ್ ಹಿಡ್ಕೊ. ನಾನು ಮದ್ದು ಸುರಿದ ಮೇಲೆ ನೀನು ಒಳಗೆ ಬೆಳಕು ಬಿಟ್ಟು ನೋಡ್ಬೇಕು. ಬಾಯಿ ಬಿಟ್ಟು 'ಇದೆ' ಅನ್ಬೇಕು. ಅನ್ನೋವರ್ಗೂ ಗುಂಡು ಮುಟ್ಟಲ್ಲ."

"ತಲೆ ಆಡಿಸಿದ್ರೆ ಸಾಲ್ದಾ?"

"ಸಾಲ್ದು."

ಅವನು ಟಾರ್ಚ್ ತಂದು ಕೂತ. ಮೊದಲ ತೂಕದ ಮದ್ದು ಅವಳ ಕೈಯಿಂದ ಮೇಜಿನ ಮೇಲೆ ಚೆಲ್ಲಿತು. ಒರೆಸಿ ಮತ್ತೆ ತೂಗಿದಳು. ಸುರಿದಳು. ಅವನು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ, "ಇದೆ," ಎಂದ. ತಾನೂ ಒಮ್ಮೆ ನೋಡಿ ಗುಂಡು ಒತ್ತಿದಳು.

ಹಿಮ ಕರಗುವ ಮುಂಚೆ ಇಬ್ಬರೂ ಆ ತೋಟೆಗಳನ್ನು ಹಳೆ ಮರಳುಗುಂಡಿಗೆ ಒಯ್ದರು. ಯಲ್ಮಾರಿ ಆಚೆ ದಿಬ್ಬಕ್ಕೆ ಕಾಗದ ಸಿಕ್ಕಿಸಿ ಬಂದು ಮಲಗಿದ. ಹೆಲ್ವಿ ಅವನ ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ನಿಂತಳು. ಕಿವಿ ಮುಚ್ಚಿಕೊಳ್ಳಲಿಲ್ಲ, ಕಣ್ಣು ಮುಚ್ಚಿಕೊಂಡಳು. ಪುಸ್ ಎಂದು, ಯಾರೋ ದಿಂಬಿನ ಮೇಲೆ ಕೂತ ಹಾಗೆ ಸದ್ದಾಯಿತು.

"ಕೋವಿ ಚಿಲಕ ತೆಗೆದಿಡು," ಎಂದು ಕೈಸನ್ನೆ ಮಾಡಿ, ಅವಳು ಮೊಣಕಾಲುದ್ದದ ಹಿಮದಲ್ಲಿ ದಿಬ್ಬದವರೆಗೆ ನಡೆದುಹೋದಳು. ಕಾಗದದಲ್ಲಿ ದುಂಡನೆಯ ತೂತು ಇತ್ತು. ಅದಕ್ಕೆ ಬೆರಳು ತೂರಿಸಿ ನೋಡಿ ಮರಳಿ ಬಂದಳು. ಅವನು ಎರಡನೆಯದನ್ನು ಹಾಕಿ ಹೊಡೆದ. ಮತ್ತೆ ಹೊರಟಳು.

"ಪ್ರತಿ ಸಲಾನೂ ಹೋಗ್ತೀಯೇನೇ?" ಎಂದು ಅವನು ಹಿಂದಿನಿಂದ ಕೂಗಿದ. "ಕತ್ತಲಾಗುತ್ತೆ!"

ಅವಳು ತಿರುಗಿ ನೋಡದೆ ಕೈಯೆತ್ತಿದಳು. ಯಲ್ಮಾರಿ ಚಿಲಕ ತೆರೆದ ಕೋವಿಯನ್ನು ಚೀಲದ ಮೇಲೆ ಒರಗಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಅವಳು ಬರುವುದನ್ನು ಕಾಯುತ್ತ ಕೂತ.